ತಾತನ ಕೈ

ನನ್ನ ಕೈಬರಹವನ್ನು ಕಂಡ ಅಧ್ಯಾಪಕರೆಲ್ಲರೂ ಒಂದಲ್ಲ ಒಂದು ಸಲ ಕನ್ನಡಕ ಒರೆಸಿಕೊಂಡಿದ್ದಾರೆ. ಆದುದರಿಂದ ‘ನವಿಲು’ ಎಂಬ ಅಕ್ಷರಮಾಲೆ ಕಣ್ಣಿಗೆ ಬಿದ್ದ ದಿನ ನನಗಾದ ಆನಂದವನ್ನು ವಾಚಕರು ಊಹಿಸಿಕೊಳ್ಳಬಹುದು. ಅರವಿಂದ ವಿ. ಕೆ. ಅವರು ಕಂಪ್ಯೂಟರಿಗಾಗಿ ರಚಿಸಿ, ಯಾರು ಬೇಕಾದರೂ ಬಳಸಲೆಂದು ಉಚಿತವಾಗಿ ಬಿಟ್ಟುಕೊಟ್ಟ ಕನ್ನಡ ಫಾಂಟು ಅದು. ಅವರದೇ ಇನ್ನೊಂದು ಫಾಂಟಿನ ಹೆಸರು ‘ಗುಬ್ಬಿ’. ಗುಬ್ಬಿ ಶಿಸ್ತಿನದು, ನವಿಲು ಕೈಬರಹದಂತೆ ಸಲಿಗೆಯದು.

ಕನ್ನಡದ ಅಚ್ಚಿಗೂ ಕೈಬರಹಕ್ಕೂ ಇರುವ ನಂಟು ಹಳೆಯದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಎಂದರೆ, ನಮ್ಮ ಮೊದಲ ವೃತ್ತಪತ್ರಿಕೆಯಲ್ಲಿ ಜನ ಓದಿದ್ದು ಅಚ್ಚಿನ ಮೊಳೆಯನ್ನಲ್ಲ, ಯಾರೋ ಕೈಯಾರೆ ಬರೆದುದನ್ನು.

ಇಷ್ಟು ಆಧಾರ ಸಿಕ್ಕಮೇಲೆ ಕೇಳಬೇಕೆ? ನವಿಲನ್ನು ಎಲ್ಲೆಂದರಲ್ಲಿ ಕುಣಿಸಿದೆ. ಭಿತ್ತಿಪತ್ರಿಕೆಯ ಕವನಕ್ಕೆ, ಗೆಳೆಯನ ಅಕ್ಕನ ಮದುವೆಯ ಕರೆಯೋಲೆಗೆ ಅದು ಚೆನ್ನಾಗಿಯೇ ಒಪ್ಪಿತು. ಶುಲ್ಕ ಕಟ್ಟುವ ಕಡೆಯ ದಿನವನ್ನೂ ಅದರಲ್ಲೇ ಅಚ್ಚುಮಾಡಿ ಅಂಟಿಸಿದಾಗ ಸಹಪಾಠಿಗಳು ತಮಾಷೆಯೆಂದು ನಕ್ಕು ಹೋದರು. ಇಬ್ಬರು ದಂಡ ತೆತ್ತರು. ನಮ್ಮ ಅಂತರಸಂತೆಯನ್ನು ದಾಟಿದ ಮೇಲೆ ಮಾನಂದವಾಡಿ ರಸ್ತೆ ಕಾಡು ಹೊಗುತ್ತದೆ. ಅಲ್ಲಿ ಆನೆಯ ಎಚ್ಚರಿಕೆ ಹೀಗೆ ಬಳುಕುತ್ತ ನಿಂತರೆ ಯಾವ ಚಾಲಕ ವೇಗ ತಗ್ಗಿಸಿಯಾನು? ಸಲಿಗೆಯ ಅಕ್ಷರಕ್ಕೆ ಸಲಿಗೆಯ ಮಾತೇ ಬೇಕೆಂಬ ಪಾಠ ನನಗಾಯಿತು.

ಆದರೆ ದೊಡ್ಡ ಪಾಠ ಇನ್ನೂ ಬಾಕಿಯಿತ್ತು.

ಕಳೆದ ವರ್ಷ ತಾತ ತೀರಿಕೊಂಡರು. ಕೇರಿಯ ಅರ್ಧ ಮನೆಗಳಿಗೆ ಕಾಗದ ಬರೆದುಕೊಟ್ಟವರು ಅವರು. ತಿಥಿಯ ಕಾರ್ಡು ಅವರೇ ಬರೆದಂತೆ ಕಾಣಲೆಂದು ನವಿಲಿನಲ್ಲಿ ಹೊಂದಿಸಿ ಅಜ್ಜಿಗೆ ತೋರಿಸಿದೆ. ಅಜ್ಜಿಗೆ ಓದು ಬಾರದು. ಕಾಗದವನ್ನು ದೂರ ಹಿಡಿದು ಬಹಳ ಹೊತ್ತು ನೋಡಿದರು.

“ಇದು ನಿಮ್ಮ ತಾತನ ಕೈ ಅಲ್ಲ ಕಣ್ ಮಗ. ಅವ್ರ ಸಾಲು ಬರ್ತಾ ಬರ್ತಾ ಕೆಳಕ್ಕೆ ಇಳೀತಿತ್ತು. ಇದು ಗೆರೆ ಎಳ್ದಂಗದೆ.”

ತಾತನ ಹಳೆಯ ಕಾಗದವೊಂದನ್ನು ತೆಗೆದು ಪಕ್ಕಕ್ಕಿಟ್ಟೆ. ನನ್ನ ಕಾರ್ಡಿನಲ್ಲಿ ‘ಕ’ಕಾರಗಳೆಲ್ಲ ಒಂದೇ ಅಚ್ಚು. ತಾತನ ಕಾಗದದಲ್ಲಿ ಎರಡು ‘ಕ’ಕಾರ ಒಂದರಂತೆ ಒಂದಿರಲಿಲ್ಲ, ಕಡೆಕಡೆಗೆ ಕೈ ಸೋತದ್ದೂ ಅಲ್ಲಿ ಕಾಣುತ್ತಿತ್ತು. ಅದು ಫಾಂಟಿನ ತಪ್ಪಲ್ಲ. ಅದಕ್ಕೆ ಕೈಬರಹದ ಆಕಾರ ಬರುತ್ತದೆ, ದಣಿವು ಬರುವುದಿಲ್ಲ. ಅದರಿಂದ ನಾನು ಕೇಳಬಾರದ್ದನ್ನು ಕೇಳಿದ್ದೆ.

ಕಾರ್ಡನ್ನು ಸಾದಾ ಅಕ್ಷರದಲ್ಲೇ ಅಚ್ಚು ಹಾಕಿಸಿದೆವು. ವಿಳಾಸಗಳನ್ನು ಮಾತ್ರ ನಾನೇ ಪೆನ್ನು ಹಿಡಿದು ಬರೆದೆ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಒಂದು ಲಕೋಟೆಯನ್ನು ಎತ್ತಿ ನೋಡಿ, ಆ ದಿನಗಳಲ್ಲಿ ಮೊದಲ ಸಲ ನಕ್ಕರು.

“ನಿಂದೂ ಇಳೀತದೆ ಕಣ್ ಮಗ.”