ಟಿಶ್ಯೂ ಪೇಪರ್ ಮೇಲಿದ್ದ ಬಿಳಿ ಕಡ್ಡಿ

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ರೆ ಬೈಕೊಳ್ಳಿ, ಆದ್ರೆ ಪೂರ್ತಿ ಓದಿ.

ನಮ್ಮ ಡಿಪಾರ್ಟ್‌ಮೆಂಟಿನ ಮೂಲೆ ಲ್ಯಾಬ್‌ನಲ್ಲಿ ಒಂದು ಮೈಕ್ರೋವೇವ್ ರಿಯಾಕ್ಟರ್ ಇದೆ. ನಮ್ಮ ಮನೆ ಓವನ್ನಿನಲ್ಲಿರೋ ಅದೇ 2.45 ಗಿಗಾಹರ್ಟ್ಸ್ ಅಲೆಗಳು ಇದರಲ್ಲೂ. 'ಹಾಗಾದ್ರೆ ಓವನ್‌ನಲ್ಲೇ ಮಾಡಬಹುದಲ್ವಾ?' ಅಂತ ಮೊದಲ ದಿನ ಜಾಣನ ಥರ ಕೇಳಿದ್ದೆ. ಫೈನಲ್ ಇಯರ್ ಅಕ್ಕ ನಕ್ಕರು. 1986ರಲ್ಲಿ ಈ ವಿಷಯದ ಮೊದಲ ಪೇಪರ್‌ಗಳು ಬಂದಾಗ ಕೆಮಿಸ್ಟ್‌ಗಳು ನಿಜವಾಗ್ಲೂ ಅಡುಗೆಮನೆ ಓವನ್ನನ್ನೇ ಬಳಸಿದ್ರಂತೆ. ಪಾತ್ರೆ ಸಿಡಿದದ್ದೂ ಉಂಟು. ಒಳಗಿನ ಬಿಸಿ ಎಷ್ಟು, ಒತ್ತಡ ಎಷ್ಟು ಅಂತ ಪಾಪ ಆ ಓವನ್‌ಗೆ ಹೇಗೆ ಗೊತ್ತಾಗಬೇಕು?

ಅಕ್ಕನ ಪ್ರಾಜೆಕ್ಟ್ ಬಿಗಿನೆಲ್ಲಿ ರಿಯಾಕ್ಷನ್: ಬೆಂಜಾಲ್ಡಿಹೈಡ್, ಈಥೈಲ್ ಅಸಿಟೋಅಸಿಟೇಟ್, ಯೂರಿಯಾ, ಸ್ವಲ್ಪ ಆಸಿಡ್, ಎಥನಾಲ್. ಎಥನಾಲ್ 78 ಡಿಗ್ರಿಗೆ ಕುದಿಯುತ್ತೆ. ಆದ್ರೆ ಸೀಲ್ ಮಾಡಿದ ಗಾಜಿನ ವಯಲ್‌ನಲ್ಲಿ ಅದನ್ನ 120ಕ್ಕೆ ಏರಿಸಬಹುದು, ಅಮ್ಮನ ಕುಕ್ಕರ್ ಥರಾನೇ. ಹತ್ತು ಡಿಗ್ರಿಗೆ ವೇಗ ಸುಮಾರು ಎರಡು ಪಟ್ಟು ಅಂತ ಲೆಕ್ಕ ಹಿಡಿದ್ರೆ 80ರಿಂದ 120ಕ್ಕೆ 16 ಪಟ್ಟು. ನಾಲ್ಕು ಗಂಟೆ ಕೆಲಸ ಕಾಲು ಗಂಟೆಗೆ! ಕುಕ್ಕರ್‌ಗೂ ಇದಕ್ಕೂ ಒಂದೇ ವ್ಯತ್ಯಾಸ, ವಯಲ್ ವಿಷಲ್ ಹೊಡೆಯಲ್ಲ. 120ರಲ್ಲಿ ಒಳಗೆ ನಾಲ್ಕು ಬಾರ್ ಆಸುಪಾಸು ಒತ್ತಡ ಇದ್ರೂ ಅದು ಸುಮ್ಮನೆ ಕೂತಿರುತ್ತೆ. ಅದಕ್ಕೇ ವಯಲ್ ತುಂಬಾ ತುಂಬಿಸಬಾರದು, ಮೇಲೆ ಆವಿಗೆ ಜಾಗ ಬಿಡಬೇಕು. ಗೀರು ಬಿದ್ದ ಗಾಜು ಮುಟ್ಟಲೇಬಾರದು. ಗ್ಯಾಸ್ ಬಿಡೋ ರಿಯಾಕ್ಷನ್ ಆದ್ರೆ ಎರಡು ಸಲ ಯೋಚಿಸಬೇಕು.

ಇದೆಲ್ಲ ನಂಗೆ ಬಾಯಿಪಾಠ. ಮ್ಯಾನ್ಯುಯಲ್ ಪೂರ್ತಿ ಓದಿದ್ದೆ. ಹಾಗಾಗಿ ಒಂದು ಮಧ್ಯಾಹ್ನ ಅಕ್ಕ 'ನೀನೇ ರನ್ ಹಾಕು, ಟೀ ಕುಡಿದು ಬರ್ತೀನಿ' ಅಂದಾಗ ಎದೆ ಒಂದು ಇಂಚು ಉಬ್ಬಿತು.

ತೂಕ ಮಾಡಿದೆ, ಸುರಿದೆ, ಕ್ಯಾಪ್ ಒತ್ತಿದೆ, ಸ್ಟಾರ್ಟ್. ಬಿಸಿ 90 ದಾಟಿತು. ಒತ್ತಡದ ಗೆರೆ ಎಂದಿನ ಹಾಗೆ ನಯವಾಗಿ ಏರದೆ ಹಾರ್ತಾ ಇತ್ತು. ಯಾಕಪ್ಪಾ ಅಂತ ಬೆಂಚ್ ಕಡೆ ತಿರುಗಿದ್ರೆ, ಟಿಶ್ಯೂ ಪೇಪರ್ ಮೇಲೆ ತೊಳೆದು ಒಣಗಿಸಿಟ್ಟಿದ್ದ ಆ ಪುಟ್ಟ ಬಿಳಿ ಸ್ಟಿರ್ ಬಾರ್.

ಕಲಕೋದು ಬರೀ ಬೆರೆಸೋಕಲ್ಲ. ನಮ್ಮ ಯಂತ್ರದ ಸೆನ್ಸರ್ ಬಿಸಿ ಅಳೆಯೋದು ಗಾಜಿನ ಹೊರಮೈಯಿಂದ. ಒಳಗೆ ಕಲಕದೆ ಇದ್ರೆ ಒಂದು ಕಡೆ ಬಿಸಿ, ಒಂದು ಕಡೆ ಇನ್ನೂ ಬಿಸಿ. ಸ್ಕ್ರೀನ್ ಮೇಲಿನ ನಂಬರ್ ನಂಬೋ ಹಾಗಿಲ್ಲ.

ನಿಜ ಹೇಳ್ಲಾ? ಐದಾರು ಸೆಕೆಂಡ್ 'ಆಗೋದು ಆಗ್ಲಿ, ಹದಿನೈದು ನಿಮಿಷ ತಾನೇ' ಅನ್ಕೊಂಡೆ. ಆಮೇಲೆ ಕೈ ತಾನಾಗೇ ಸ್ಟಾಪ್ ಒತ್ತಿತು. ಗಾಳಿ ಬುಸ್ ಅಂತ ಬಂದು ತಣ್ಣಗಾಗೋಕೆ ಶುರುವಾಯ್ತು. 50ಕ್ಕಿಂತ ಕೆಳಗೆ ಇಳಿಯೋವರೆಗೆ ಮುಚ್ಚಳ ತೆಗೆಯಬಾರದು. ಅಷ್ಟರಲ್ಲಿ ಅಕ್ಕ ಬಂದರು. 'ಏನಾಯ್ತು?'

'ಪ್ರೆಷರ್ ಎರರ್ ಬಂತು,' ಅಂದೆ.

ಅವರು ಲಾಗ್ ಬುಕ್‌ನಲ್ಲಿ ಹಾಗೇ ಬರೆದರು. ಲ್ಯಾಬ್ ಅಟೆಂಡರ್ ಅಣ್ಣನ್ನ ಕರೆದು, 'ಮೊನ್ನೆ ಕ್ಲೀನ್ ಮಾಡಿದ್ದು ನೀವೇ ಅಲ್ವಾ, ಸೆನ್ಸರ್ ಏನಾದ್ರೂ ಅಲ್ಲಾಡಿತಾ?' ಅಂತ ಕೇಳಿದರು. ಆ ಅಣ್ಣ ಗಾಬರಿಯಾಗಿ, 'ಇಲ್ಲ ಮೇಡಂ, ಮೆತ್ತಗೆ ಬಟ್ಟೇಲಿ ಒರೆಸಿದ್ದೆ ಅಷ್ಟೇ' ಅಂತ ಎರಡು ಸಲ ಹೇಳಿದರು. ಎರಡನೇ ಸಲ ಹೇಳುವಾಗ ಅವರು ನೋಡ್ತಾ ಇದ್ದದ್ದು ನೆಲಾನ. ನನ್ನ ಮುಷ್ಟಿಯೊಳಗೆ ಸ್ಟಿರ್ ಬಾರ್ ಇತ್ತು.

ಕೈ ಬಿಚ್ಚಿದೆ. ಮಾತೇ ಹೊರಡಲಿಲ್ಲ, ಇಂಗ್ಲಿಷೂ ಇಲ್ಲ, ಕನ್ನಡಾನೂ ಇಲ್ಲ.

ಅಕ್ಕ ಬೈಯಲಿಲ್ಲ. ಬೈದಿದ್ರೆ ವಾಸಿಯಿತ್ತು. ಲಾಗ್ ಬುಕ್ ನನ್ನ ಕಡೆ ತಳ್ಳಿದರು. ಅವರು ಬರೆದಿದ್ದ ಸಾಲು ಹೊಡೆದುಹಾಕಿ, ಕೆಳಗೆ 'ಸ್ಟಿರ್ ಬಾರ್ ಹಾಕಿಲ್ಲ, 90 ಡಿಗ್ರಿ ದಾಟಿದ ಮೇಲೆ ನಿಲ್ಲಿಸಿದೆ' ಅಂತ ಬರೆದು ಸಹಿ ಮಾಡಿದೆ. ಅಣ್ಣನಿಗೆ ಸಾರಿ ಹೇಳಿದೆ. ಅವರು, 'ಬಿಡಪ್ಪ, ಮುಚ್ಚಳ ಈಗ ತೆಗೀಬೇಡ, ಇನ್ನೂ 62 ಇದೆ' ಅಂದರು.