ನೆಗೊಂಬೊ ಹಿನ್ನೀರಿನ ಮೀನುಪೊದೆಗಳು

ಲಂಕಾದ್ವೀಪಕ್ಕೆ ವಿಮಾನದಲ್ಲಿ ಹೋಗುವವರಲ್ಲಿ ಹೆಚ್ಚಿನವರು ಕಟುನಾಯಕದ ನಿಲ್ದಾಣದಲ್ಲಿ ಇಳಿಯುವರು. ಇಳಿಯುವ ಮೊದಲು ಕೆಳಗೆ ನೋಡಿದರೆ ಕಡಲಿಗೂ ನೆಲಕ್ಕೂ ನಡುವೆ ಒಂದು ಅಗಲವಾದ ನೀರಿನ ಹರವು ಕಾಣುವುದು. ಅದೇ ನೆಗೊಂಬೊ ಹಿನ್ನೀರು. ಯಾತ್ರಿಕರು ಸಾಮಾನ್ಯವಾಗಿ ಅದನ್ನು ಹಿಂದಕ್ಕೆ ಬಿಟ್ಟು ಕ್ಯಾಂಡಿಗೋ ಅನುರಾಧಪುರಕ್ಕೋ ಧಾವಿಸುವುದುಂಟು. ದಂತಮಂದಿರವನ್ನೂ ಬೋಧಿವೃಕ್ಷವನ್ನೂ ನೋಡಬೇಡಿರೆಂದು ನಾವು ಹೇಳುವುದಿಲ್ಲ. ಆದರೆ ನೀರಿನೊಳಗೆ ಕಾಡು ನೆಟ್ಟು ಮೀನು ಕೂಡಿಸುವ ಜನರನ್ನು ಕಾಣಬೇಕೆಂಬ ಕುತೂಹಲವುಳ್ಳವರು ಇಲ್ಲಿ ಒಂದೆರಡು ದಿನ ನಿಲ್ಲತಕ್ಕದ್ದು.

ಕೊಲಂಬೊ ನಗರದಿಂದ ಉತ್ತರಕ್ಕೆ ಸುಮಾರು ೩೫ ಕಿಲೋಮೀಟರು ದೂರದಲ್ಲಿ ನೆಗೊಂಬೊ ಪಟ್ಟಣವಿದೆ. ಹಿನ್ನೀರಿನ ವಿಸ್ತಾರ ಸುಮಾರು ೩೨ ಚದರ ಕಿಲೋಮೀಟರು. ಇಷ್ಟು ದೊಡ್ಡದಾದರೂ ಆಳ ಬಹಳ ಕಡಮೆ. ಅನೇಕ ಕಡೆ ಸೊಂಟದವರೆಗಿನ ನೀರಿನಲ್ಲಿ ಜನರು ನಡೆದಾಡುತ್ತಲೇ ಕೆಲಸ ಮಾಡುವರು. ಉತ್ತರದ ತುದಿಯಲ್ಲಿ ಕಿರಿದಾದ ಬಾಯಿಯಿಂದ ಕಡಲ ನೀರು ಒಳಬರುವುದು; ದಕ್ಷಿಣದ ತುದಿಯಲ್ಲಿ ದಂಡುಗಮ್ ಓಯ ಮತ್ತು ಜಾ ಎಲ ಎಂಬ ಹೊಳೆಗಳು ಸಿಹಿನೀರನ್ನು ತಂದು ಸುರಿಯುವುವು. ಅದರ ಆಚೆಗೆ ಮುತ್ತುರಾಜವೆಲ ಎಂಬ ಜವುಗುನೆಲ. ಹೆಸರೇ ಹೇಳುವಂತೆ ಇದು ಒಂದು ಕಾಲದಲ್ಲಿ ಮುತ್ತಿನಂಥ ಬತ್ತ ಬೆಳೆಯುತ್ತಿದ್ದ ಅರಸರ ಗದ್ದೆ. ಉಪ್ಪುನೀರು ನುಗ್ಗಿ ಗದ್ದೆ ಕೆಟ್ಟಿತು. ಉಪ್ಪನ್ನು ಹೊರಕ್ಕೆ ಹರಿಸುವುದಕ್ಕಾಗಿ ಇಂಗ್ಲಿಷರು ೧೮೦೨ರಲ್ಲಿ ಹ್ಯಾಮಿಲ್ಟನ್ ಕಾಲುವೆಯನ್ನು ತೋಡಲಾರಂಭಿಸಿ ೧೮೦೪ರಲ್ಲಿ ಮುಗಿಸಿದರು. ಕಾಲುವೆ ಉಳಿಯಿತು, ಗದ್ದೆ ಮರಳಲಿಲ್ಲ. ೧೯೯೬ರಲ್ಲಿ ಆ ಜವುಗಿನ ಉತ್ತರ ಭಾಗವನ್ನು ಪ್ರಾಣಿಪಕ್ಷಿಗಳ ರಕ್ಷಿತ ನೆಲೆಯೆಂದು ಸಾರಲಾಯಿತು.

ಬೆಳಗಿನ ಆರು ಗಂಟೆಗೆ ನಾವು ದೋಣಿ ಹತ್ತಿದೆವು. ಇಲ್ಲಿಯ ದೋಣಿಗೆ ‘ಒರುವ’ ಎಂದು ಹೆಸರು. ಅದರ ಒಡಲು ಎಷ್ಟು ಕಿರಿದೆಂದರೆ ಕುಳಿತವನ ಎರಡು ಮೊಣಕಾಲುಗಳಿಗೆ ಎಡೆ ಸಿಕ್ಕುವುದೇ ಕಷ್ಟ. ಮಗುಚದಿರಲೆಂದು ಒಂದು ಪಕ್ಕದಲ್ಲಿ ಬಾಗಿದ ಎರಡು ಮರಗಳನ್ನು ದೂರಕ್ಕೆ ಚಾಚಿ ಅವುಗಳ ತುದಿಗೆ ತೇಲುವ ದಿಮ್ಮಿಯೊಂದನ್ನು ಕಟ್ಟಿರುವರು. ನಡೆಸುವವನು ಅರುವತ್ತರ ಸಮೀಪದ ಬೆಸ್ತ. ಸಿಂಹಳದೊಂದಿಗೆ ತಮಿಳನ್ನೂ ಬಲ್ಲವನಾದುದರಿಂದ ನಮ್ಮ ಹರಕು ತಮಿಳಿನಲ್ಲಿಯೇ ಮಾತುಕತೆ ಸಾಗಿತು.

ತೀರವನ್ನು ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ನೀರಿನ ಮೇಲೆ ಕೊಂಬೆಗಳ ತುದಿಗಳು ಗುಂಪುಗುಂಪಾಗಿ ಕಾಣಿಸಿದುವು. ನೆರೆ ಬಂದು ಮುಳುಗಿದ ಪೊದೆಗಳೆಂದು ಹೊಸಬರು ಭ್ರಮಿಸಬೇಕು. ಒಂದೊಂದರ ಮೇಲೂ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತ ಕುಳಿತಿದ್ದುವು. ಇವೇ ಮೀನುಪೊದೆಗಳು. ಸಿಂಹಳದಲ್ಲಿ ಇವನ್ನು ‘ಮಸ್ ಅತು’ ಎನ್ನುವರು. ಅತು ಎಂದರೆ ಕೊಂಬೆ.

ಕಟ್ಟುವ ಕ್ರಮವು ನೋಡುವುದಕ್ಕೆ ಸರಳವಾದುದು. ಸೆಳವು ಹೆಚ್ಚಿಲ್ಲದ ಜಾಗವನ್ನು ಆರಿಸಿ ದಪ್ಪ ಕೊಂಬೆಗಳನ್ನು ದುಂಡಗೆ, ಬೇಲಿಯಂತೆ, ಕೆಸರಿನಲ್ಲಿ ನೆಡುವರು. ಆಮೇಲೆ ಒಳಗೆಲ್ಲ ಸಣ್ಣ ರೆಂಬೆಗಳನ್ನು ತುರುಕುವರು. ರೆಂಬೆ ಸಡಿಲವಾದರೆ ದೊಡ್ಡ ಮೀನು ಒಳನುಗ್ಗಿ ಚಿಕ್ಕದನ್ನು ನುಂಗುವುದು. ತೀರ ಬಿಗಿಯಾದರೆ ಯಾವ ಮೀನಿಗೂ ಓಡಾಡಲು ಎಡೆಯಿರದು. ಎಷ್ಟು ತುರುಕಬೇಕೆಂದು ನಾವು ಕೇಳಿದೆವು. “ಅಯ್ಯಾ, ನಿಮ್ಮ ಮನೆಯಲ್ಲಿ ಅನ್ನಕ್ಕೆ ಉಪ್ಪು ಹಾಕುವವರು ತೂಗಿ ಹಾಕುತ್ತಾರೆಯೆ?” ಎಂದು ಅವನು ನಮ್ಮನ್ನೇ ಕೇಳಿದನು.

ಬರಿಯ ಕೊಂಬೆಗೆ ಮೀನೇಕೆ ಬರಬೇಕು? ಕೆಲವು ದಿನ ನೀರಿನಲ್ಲಿ ನಿಂತ ಕೊಂಬೆಯ ತೊಗಟೆಯ ಮೇಲೆ ಮೊದಲು ಲೋಳೆಯಂಥ ತೆಳುವಾದ ಪೊರೆ ಕಟ್ಟುವುದು, ಬಳಿಕ ಪಾಚಿ ಹತ್ತುವುದು. ಪಾಚಿಯನ್ನು ಮೇಯಲು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಬರುವುವು. ಅವನ್ನು ತಿನ್ನಲು ಸೀಗಡಿಯ ಮರಿಗಳು, ಮೀನಿನ ಮರಿಗಳು. ಬಟ್ಟಬಯಲಾದ ಕೆಸರುತಳದಲ್ಲಿ ಇಷ್ಟು ಮೇವು ದೊರೆಯುವುದಿಲ್ಲ, ಮರೆಯೂ ಇಲ್ಲ. ನೀರುಕಾಗೆಯು ಪೊದೆಯ ಮೇಲೆ ಕುಳಿತಿರಬಹುದು. ಪೊದೆಯ ಒಳಕ್ಕೆ ಮುಳುಗಿ ಬೆನ್ನಟ್ಟಲಾರದು. ಇಲ್ಲಿ ಮುಖ್ಯವಾಗಿ ಸಿಕ್ಕುವ ಮೀನುಗಳಲ್ಲಿ ಒಂದು ‘ಕೊರಳಿಯ’. ಕೇರಳದವರು ಕರಿಮೀನ್ ಎಂದು ಮೆಚ್ಚಿ ತಿನ್ನುವುದು ಇದನ್ನೇ. ಈ ಮೀನು ಮೊಟ್ಟೆಗಳನ್ನು ನೀರಿನಲ್ಲಿ ಚೆಲ್ಲಿಬಿಡುವುದಿಲ್ಲ. ಮುಳುಗಿದ ಕಡ್ಡಿಗೋ ಕಲ್ಲಿಗೋ ಅಂಟಿಸಿ, ಗಂಡು ಹೆಣ್ಣು ಎರಡೂ ಕಾವಲಿದ್ದು, ಮರಿಗಳನ್ನು ಜೊತೆಯಲ್ಲಿಟ್ಟುಕೊಂಡು ಸಾಕುವುವು. ಅಂಥ ಸಂಸಾರವಂದಿಗ ಮೀನಿಗೆ ಕೊಂಬೆಯ ಮನೆಗಿಂತ ಅನುಕೂಲವಾದುದು ಬೇರಾವುದಿದ್ದೀತು!

ಆ ದಿನ ನಮ್ಮ ದೋಣಿಯವನ ಪೊದೆಯೊಂದನ್ನು ಬಿಚ್ಚುವುದಿತ್ತು. ಅವನ ಅಳಿಯನೂ ನೆರೆಯವರಿಬ್ಬರೂ ಬಂದು ಕಾದಿದ್ದರು. ಮೊದಲು ಪೊದೆಯ ಸುತ್ತಲೂ ಬಲೆಯನ್ನು ಗೋಡೆಯಂತೆ ನಿಲ್ಲಿಸಿ, ಅದರ ಕೆಳ ಅಂಚನ್ನು ಕಾಲಿನಿಂದ ತುಳಿತುಳಿದು ಕೆಸರಿನಲ್ಲಿ ಹೂತರು. ಆಮೇಲೆ ಕೊಂಬೆಗಳನ್ನು ಒಂದೊಂದಾಗಿ ಕಿತ್ತು ಬಲೆಯ ಹೊರಗೆ ಹಾಕತೊಡಗಿದರು. ಕೊಂಬೆಗೆ ಅಂಟಿದ ಚಿಪ್ಪುಗಳು ಅಂಗೈಯನ್ನು ಕೊಯ್ಯುವುದರಿಂದ ಎಲ್ಲರೂ ಕೈಗೆ ಹಳೆಯ ಬಟ್ಟೆ ಸುತ್ತಿಕೊಂಡಿದ್ದರು. ಎರಡು ಗಂಟೆಗೂ ಮೀರಿ ಇದೇ ಕೆಲಸ. ಪೊದೆ ಬರಿದಾದಂತೆಲ್ಲ ಬಲೆಯನ್ನು ಒಳಕ್ಕೆ ಸರಿಸಿ ಸುತ್ತು ಕಿರಿದು ಮಾಡಿದರು. ಕೊನೆಗೆ ನೀರು ಕುದಿಯುವ ಹಂಡೆಯಂತೆ ಅಲ್ಲಾಡಿತು. ಕೈಬಲೆಯಿಂದ ಮೊಗೆಮೊಗೆದು ಬುಟ್ಟಿಗೆ ಸುರಿದರು. ಕೊರಳಿಯ, ಸೀಗಡಿ, ಕೆಸರೇಡಿ, ಒರವ. ಒರವದ ಬೆನ್ನುಮುಳ್ಳಿನಲ್ಲಿ ನಂಜಿರುವುದರಿಂದ ಅದನ್ನು ಮುಟ್ಟಬೇಡಿರೆಂದು ನಮಗೆ ಎರಡೆರಡು ಸಲ ಎಚ್ಚರಿಕೆ ಹೇಳಿದರು.

ಬುಟ್ಟಿಯಲ್ಲಿ ಬೆರಳುದ್ದದ ಮರಿಗಳೂ ಬಹಳವಿದ್ದುವು. ನಮ್ಮ ದೋಣಿಯವನು ಅವನ್ನು ಆಯ್ದು ನೀರಿಗೆ ಬಿಟ್ಟನು. ಸ್ವಲ್ಪ ದೂರದಲ್ಲಿ ಇನ್ನೊಂದು ಪೊದೆ ಬಿಚ್ಚುತ್ತಿದ್ದವನು ದೊಡ್ಡದು ಚಿಕ್ಕದು ಎನ್ನದೆ ಎಲ್ಲವನ್ನೂ ಬುಟ್ಟಿಗೆ ತುಂಬುತ್ತಿದ್ದನು. ಆ ಪೊದೆ ಕಟ್ಟಿ ಮೂರು ವಾರವೂ ಆಗಿರಲಿಲ್ಲವಂತೆ. ನಮ್ಮವನು ಎರಡು ತಿಂಗಳು ಕಾದಿದ್ದನು. ಅವನೇಕೆ ಕಾಯಲಿಲ್ಲವೆಂದು ಕೇಳಿದುದಕ್ಕೆ, “ಅವನ ಮಗಳಿಗೆ ಮದುವೆ ಗೊತ್ತಾಗಿದೆ, ಅಯ್ಯಾ” ಎಂದಷ್ಟೇ ಉತ್ತರ ಬಂದಿತು.

ಮೀನುಪೊದೆಯು ಮೀನಿಗೆ ಕಟ್ಟಿದ ಮನೆಯೋ ಒಡ್ಡಿದ ಬೋನೋ ಎಂಬ ಪ್ರಶ್ನೆಗೆ ನಮಗೆ ತೋರುವ ಉತ್ತರವು ಈ ಎರಡು ಬುಟ್ಟಿಗಳಲ್ಲಿಯೇ ಇದೆ. ಒಳಗೆ ಮರಿ ಬೆಳೆಯುವಷ್ಟು ಕಾಲ ಬಿಟ್ಟರೆ ಹಿನ್ನೀರಿಗೂ ಪಾಲು ಸಿಕ್ಕುವುದು. ಬಂದ ಮೀನನ್ನು ಬಂದಂತೆಯೇ ಬಾಚಿದರೆ ಹಿನ್ನೀರೆಲ್ಲದರ ಮರಿಗಳನ್ನು ಒಂದೆಡೆ ಕರೆದು ಮುಗಿಸಿದಂತಾಗುವುದು. ಇದರ ಜೊತೆಗೆ ಜಾಗದ ತಕರಾರೂ ಉಂಟು. ಹಿನ್ನೀರಿನ ಬಾಯಲ್ಲಿ ರಾತ್ರಿ ಇಳಿತದ ವೇಳೆ ಸೀಗಡಿಗೆ ಗೂಟಬಲೆ ಕಟ್ಟುವ ಹಕ್ಕನ್ನು ಇಲ್ಲಿಯ ಕ್ರೈಸ್ತ ಬೆಸ್ತರ ನಾಲ್ಕು ಸಂಘಗಳು ಬಹುಕಾಲದಿಂದ ಸರದಿಯಂತೆ ಹಂಚಿಕೊಂಡು ಬಂದಿರುವುವು. ಪೊದೆಯಾದರೋ ಕಟ್ಟಿದವನ ಸ್ವತ್ತು. ಅದು ನಿಂತ ನೀರಿನಲ್ಲಿ ಇನ್ನೊಬ್ಬನು ಬಲೆ ಬೀಸುವಂತಿಲ್ಲ. ಪಶ್ಚಿಮ ಆಫ್ರಿಕದ ಬೆನಿನ್ ದೇಶದ ನೊಕೊವೆ ಸರೋವರದಲ್ಲಿ ಇಂಥವೇ ಪೊದೆಗಳಿಗೆ ‘ಅಕಾಜಾ’ ಎಂದು ಹೆಸರು. ಅಲ್ಲಿ ಅವು ಹಬ್ಬಿಹಬ್ಬಿ, ಬಲೆ ಬೀಸುವ ಬಡವರಿಗೆ ಬಯಲುನೀರೇ ಕಡಮೆಯಾಗಿ ಜಗಳಗಳೆದ್ದುವು. ಅಮೆರಿಕದವರ ದಾರಿ ಬೇರೆ: ಕ್ರಿಸ್ಮಸ್ ಹಬ್ಬ ಮುಗಿದ ಮೇಲೆ ಎಸೆದ ಮರಗಳಿಗೆ ಭಾರ ಕಟ್ಟಿ, ಗಾಳ ಹಾಕುವವರ ಅನುಕೂಲಕ್ಕಾಗಿ ಜಲಾಶಯಗಳಲ್ಲಿ ಮುಳುಗಿಸುವರು. ಹೊಟ್ಟೆಪಾಡಿನ ಪೊದೆಗೂ ವಿನೋದದ ಪೊದೆಗೂ ಮೀನು ಮಾತ್ರ ಭೇದವೆಣಿಸದು.

ಇನ್ನು ಕೊಂಬೆ ಎಲ್ಲಿಂದ ಬರಬೇಕು? ನೀರಿನಲ್ಲಿ ನೆಟ್ಟುದು ಕೆಲವು ಕಾಲಕ್ಕೆ ಕೊಳೆಯುವುದು. ಹಡಗಿನ ಹಲಗೆಯನ್ನು ಕೊರೆಯುವ ಹುಳು ಇದನ್ನೂ ಕೊರೆಯುವುದು. ಮೇಲಿಂದ ಮೇಲೆ ಹೊಸ ರೆಂಬೆ ತುಂಬುತ್ತಲೇ ಇರಬೇಕು. ಉಪ್ಪುನೀರಿಗೆ ಜಗ್ಗದ ಮರವೆಂದರೆ ಉಪ್ಪುನೀರಿನಲ್ಲಿಯೇ ಬೆಳೆದ ಮರ. ಸಿಂಹಳದವರು ಅದನ್ನು ‘ಕಡೊಲ್’ ಎನ್ನುವರು. ನಮ್ಮ ಉತ್ತರ ಕನ್ನಡದ ಅಳಿವೆಗಳಲ್ಲಿ ‘ಕಾಂಡ್ಲ’ ಎಂದು ಕರೆಯುವ ಜಾತಿಯದೇ ಅದು. ಹೆಸರುಗಳ ಹೋಲಿಕೆಯನ್ನು ಭಾಷಾಶಾಸ್ತ್ರಜ್ಞರು ವಿಚಾರಿಸಲಿ. ಹಿನ್ನೀರಿನ ದಡದಲ್ಲಿ ಊರು ಬೆಳೆದಂತೆ ಕಾಂಡ್ಲದ ಕಾಡು ಕುಗ್ಗಿತು. ೨೦೧೫ರಲ್ಲಿ ಲಂಕೆಯ ಸರ್ಕಾರವು ದೇಶದ ಕಾಂಡ್ಲವನಗಳನ್ನೆಲ್ಲ ಕಾಪಾಡುವ ಯೋಜನೆಯನ್ನು ಕೈಕೊಂಡಿತು. ಅದು ಯೋಗ್ಯವಾದ ಕಾರ್ಯವೇ. ಆದರೆ ಕೊಂಬೆಯನ್ನೇ ನಂಬಿದ ಬೆಸ್ತನು ಏನು ಮಾಡಬೇಕು? ನೆಗೊಂಬೊದ ಬೆಸ್ತರಲ್ಲಿ ಅನೇಕರು ಇದಕ್ಕೆ ಬಹಳ ಹಿಂದೆಯೇ ಉಪಾಯ ಕಂಡುಕೊಂಡಿದ್ದರು. ತಮ್ಮ ಮನೆಯ ಬಳಿಯ ಕೆಸರಿನಲ್ಲಿ ತಾವೇ ಕಾಂಡ್ಲವನ್ನು ಬೆಳೆಸುವರು.

ಮಧ್ಯಾಹ್ನ ದೋಣಿಯವನು ತನ್ನ ತೋಟವನ್ನು ತೋರಿಸಲು ಕರೆದೊಯ್ದನು. ತೋಟವೆಂದರೆ ಹಿತ್ತಿಲ ಆಚೆಗೆ ನೀರು ಬಂದುಹೋಗುವ ಅಷ್ಟಗಲದ ಕೆಸರು. ಈ ಮರದ ಬೀಜವು ಮರದಲ್ಲಿರುವಾಗಲೇ ಮೊಳೆತು, ಹಸಿರು ಕೋಲಿನಂತೆ ಉದ್ದವಾಗಿ ಜೋಲುವುದು. ಬಿದ್ದುದನ್ನು ಹೆಕ್ಕಿ ಕೆಸರಿಗೆ ಚುಚ್ಚಿದರೆ ಬಿತ್ತನೆ ಮುಗಿಯಿತು. ಆ ಕೆಲಸ ಮನೆಯಾಕೆಯದು. ಕಡಿಯಲು ಬಂದ ಸಾಲು, ಇನ್ನೂ ಕೆಲವು ವರ್ಷ ಬಿಡಬೇಕಾದ ಸಾಲು, ಮೊನ್ನೆ ಚುಚ್ಚಿದ ಸಾಲು ಎಂದು ಆಕೆ ಬೆರಳಿಟ್ಟು ತೋರಿಸಿದಳು. ಗಂಡುಮಕ್ಕಳಿಬ್ಬರೂ ಇಟಲಿ ದೇಶದಲ್ಲಿ ದುಡಿಯುತ್ತಿರುವರಂತೆ. ಈ ಕರಾವಳಿಯಿಂದ ಹಾಗೆ ಹೋದವರು ಬಹಳ ಮಂದಿ. “ಮೊನ್ನೆ ಚುಚ್ಚಿದ್ದನ್ನು ಕಡಿಯುವವರು ಯಾರಮ್ಮ?” ಎಂದು ಕೇಳಿದೆವು. ಆಕೆ ನಕ್ಕು, ಅಳಿಯನ ಕಡೆ ನೋಡಿದಳು. ಅಳಿಯನು ಏನೂ ಹೇಳದೆ ಕತ್ತಿಗೆ ಸಾಣೆ ಹಿಡಿಯುತ್ತಿದ್ದನು.

ಅಷ್ಟರಲ್ಲಿ ನೀರು ಸಸಿಗಳ ಬುಡಕ್ಕೆ ಏರತೊಡಗಿತು. ಬೆಳಿಗ್ಗೆ ಬಿಚ್ಚಿದ ಪೊದೆಯನ್ನು ಮರುದಿನವೇ ಕಟ್ಟಬೇಕಾಗಿತ್ತು. ಹಳೆಯ ಕೊಂಬೆಗಳಲ್ಲಿ ಕೊಳೆತುದನ್ನು ತೆಗೆದರೆ ಇನ್ನೂ ಮೂರು ಹೊರೆ ಸಾಲದಾಗಿದ್ದುವು. ಮಾವ ಅಳಿಯ ಇಬ್ಬರೂ ನಮಗೆ ಕೈಮುಗಿದು ಹಳೆಯ ಸಾಲಿನೊಳಕ್ಕೆ ಇಳಿದರು.