ಬ್ಯಾನರ್ ಲೇನಿನ ಬೂದು ಟ್ರ್ಯಾಕ್ಟರು

ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಒಂದು ತಾಸಿಗೆ ಕವೆಂಟ್ರಿ ಬರುತ್ತದೆ. 1940ರ ನವೆಂಬರಿನ ಒಂದು ರಾತ್ರಿ ಜರ್ಮನ್ ಬಾಂಬುಗಳಿಗೆ ಸುಟ್ಟುಹೋದ ಕ್ಯಾಥೆಡ್ರಲ್ಲಿನ ಬರಿಗೋಡೆಗಳನ್ನು ನೋಡಲು ಪ್ರವಾಸಿಗರು ಇಲ್ಲಿಗೆ ಬರುತ್ತಾರೆ. ಊರಿನ ಪಶ್ಚಿಮದಂಚಿನ ಬ್ಯಾನರ್ ಲೇನ್ ಕಡೆ ಹೋಗುವವರು ಕಡಿಮೆ. ಹೋದರೂ ಅಲ್ಲಿ ಕಾಣುವುದು ಹೊಸ ಮನೆಗಳ ಸಾಲು ಮಾತ್ರ.

ಆ ಮನೆಗಳ ಜಾಗದಲ್ಲಿ ಒಂದು ದೊಡ್ಡ ಕಾರ್ಖಾನೆಯಿತ್ತು. ಯುದ್ಧಕಾಲದಲ್ಲಿ ವಿಮಾನದ ಎಂಜಿನ್ನುಗಳಿಗಾಗಿ ಕಟ್ಟಿದ್ದು. ಯುದ್ಧ ಮುಗಿದ ಮೇಲೆ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ ಇಲ್ಲಿ ಐರ್ಲೆಂಡಿನ ಹ್ಯಾರಿ ಫರ್ಗುಸನ್ ರೂಪಿಸಿದ ಟ್ರ್ಯಾಕ್ಟರನ್ನು ತಯಾರಿಸತೊಡಗಿತು. 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ಬೂದು ಬಣ್ಣದ ಟಿಇ-20 ಟ್ರ್ಯಾಕ್ಟರುಗಳು ಇಲ್ಲಿಂದ ಹೊರಬಿದ್ದವು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ್ದು ಈ ಫರ್ಗುಸನ್ ಟ್ರ್ಯಾಕ್ಟರುಗಳಲ್ಲೇ.

ಕುತೂಹಲದ ಸಂಗತಿಯೆಂದರೆ, ಉಳುವ ಈ ಯಂತ್ರಕ್ಕೂ ಅದೇ ಊರಿನ ಕಾರುಗಳಿಗೂ ಎಂಜಿನ್ನಿನ ನೆಂಟಸ್ತನವಿತ್ತು. ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರು, ಟ್ರಯಂಫ್ ಟಿಆರ್-2 ಸ್ಪೋರ್ಟ್ಸ್ ಕಾರು, ಟ್ರ್ಯಾಕ್ಟರು ಈ ಮೂರರಲ್ಲೂ ಒಂದೇ ವಂಶದ ನಾಲ್ಕು ಸಿಲಿಂಡರಿನ ಎಂಜಿನ್. ಅದರ ಸಿಲಿಂಡರುಗಳನ್ನು ಬ್ಲಾಕಿನ ಕಬ್ಬಿಣದಲ್ಲೇ ಕೊರೆದಿರಲಿಲ್ಲ. ಸುತ್ತ ನೀರು ಹರಿಯುವಂತೆ ಬಿಡಿ ಕೊಳವೆಗಳನ್ನು ಒಳಗೆ ಇಳಿಬಿಟ್ಟಿದ್ದರು. ಇವೇ ಮೆಕ್ಯಾನಿಕ್ಕುಗಳು ಹೇಳುವ ಲೈನರುಗಳು. ಪಿಸ್ಟನ್ನಿನ ಓಟ ಎಲ್ಲದರಲ್ಲೂ 92 ಮಿ.ಮೀ. ಬೋರು ಮಾತ್ರ ಬೇರೆ: ಟ್ರ್ಯಾಕ್ಟರಿಗೆ ಮೊದಲು 80, ಆಮೇಲೆ 85, ವ್ಯಾನ್‌ಗಾರ್ಡಿಗೆ 85, ಟಿಆರ್-2ಕ್ಕೆ 83. ಮುಂದೆ ಬಂದ ಪೆಟ್ರೋಲ್ ಫರ್ಗುಸನ್ 35ರಲ್ಲಿ 87. ಈ 87ರ ಅಳತೆಯ ಲೈನರು, ಪಿಸ್ಟನ್ನುಗಳನ್ನು ಟಿಆರ್ ಕಾರುಗಳಿಗೆ ಹಾಕಿ ಶಕ್ತಿ ಹೆಚ್ಚಿಸಿಕೊಂಡವರಿದ್ದಾರೆ!

ಹಾಗೆಂದು ಎಲ್ಲವೂ ಅದಲುಬದಲಾಗದು. ಫರ್ಗುಸನ್ ಟ್ರ್ಯಾಕ್ಟರಿಗೆ ಪ್ರತ್ಯೇಕ ಚಾಸಿಯಿಲ್ಲ. ಎಂಜಿನ್ನೇ ಅದರ ಬೆನ್ನೆಲುಬು. ಆದ್ದರಿಂದ ಅದರ ಎಣ್ಣೆ ತೊಟ್ಟಿ ದಪ್ಪ ಎರಕದ್ದು. ಕಾರಿನ ತೆಳು ತಗಡಿನ ತೊಟ್ಟಿ ಆ ಭಾರ ಹೊರಲಾರದು. ಇನ್ನೊಂದು ಮೋಸವೂ ಉಂಟು. ಮೊದಮೊದಲ ಟಿಇ-20ಗಳಲ್ಲಿದ್ದುದು ಅಮೆರಿಕದ ಕಾಂಟಿನೆಂಟಲ್ ಎಂಜಿನ್. ಹೊರಗಿನಿಂದ ಅದೇ ಬೂದು ಟ್ರ್ಯಾಕ್ಟರು, ಆದರೆ ಬೋರು ಸುಮಾರು 81 ಮಿ.ಮೀ. ಸ್ಟ್ಯಾಂಡರ್ಡ್ ಎಂಜಿನ್ನಿನ 80ಕ್ಕೂ ಇದಕ್ಕೂ ಒಂದೇ ಮಿಲಿಮೀಟರ್ ಅಂತರ, ಆದರೂ ಪಿಸ್ಟನ್ ಹೊಂದದು.

ಅಳತೆ ಒಂದೇ ಆದರೂ ಸಾಲದು ಎಂಬುದಕ್ಕೆ ಡೀಸೆಲ್ಲಿನ ಉದಾಹರಣೆ ನೋಡಿ. ಮ್ಯಾಸ್ಸಿ ಫರ್ಗುಸನ್ 35ಕ್ಕೆ 1959ರ ಕೊನೆಯಿಂದ ಪೀಟರ್‌ಬರೋ ಊರಿನ ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರಿನ ಎಂಜಿನ್ ಬಂತು. ಅದರ ನಂತರದ 135ರಲ್ಲೂ ಪರ್ಕಿನ್ಸಿನ ಮೂರು ಸಿಲಿಂಡರೇ. ಎರಡರಲ್ಲೂ ಬೋರು 91.4, ಓಟ 127 ಮಿ.ಮೀ. ಆದರೆ 35ರಲ್ಲಿ ಡೀಸೆಲ್ ಉರಿಯತೊಡಗುವುದು ಹೆಡ್ಡಿನೊಳಗಿನ ಪುಟ್ಟ ಕೋಣೆಯಲ್ಲಿ. 135ರಲ್ಲಿ ಪಿಸ್ಟನ್ನಿನ ನೆತ್ತಿಯ ಬಟ್ಟಲಿನಲ್ಲಿ. ಒಂದರ ಪಿಸ್ಟನ್ನಿಗೆ ಇನ್ನೊಂದರ ಹೆಡ್ಡು ಕೂರಿಸಿದರೆ ಒತ್ತಡದ ಲೆಕ್ಕವೇ ತಪ್ಪಿಹೋಗುತ್ತದೆ.

ಈ ವಂಶದ ಕವಲು ನಮ್ಮಲ್ಲಿಗೂ ಹಬ್ಬಿದೆ. ಚೆನ್ನೈನ ಟಾಫೆ ಕಂಪನಿ 1960ರ ದಶಕದ ಆರಂಭದಲ್ಲೇ ಮ್ಯಾಸ್ಸಿ ಫರ್ಗುಸನ್ ಟ್ರ್ಯಾಕ್ಟರುಗಳ ತಯಾರಿಕೆಗೆ ಇಳಿಯಿತು. ನಮ್ಮ ದೊಡ್ಡಬಳ್ಳಾಪುರದಲ್ಲೂ ಅದರ ಕಾರ್ಖಾನೆಯಿದೆ. ಹಳ್ಳಿಗಳಲ್ಲಿ ‘ಮ್ಯಾಸಿ’ ಎಂದು ಕರೆಯುವ 1035ರ ಎಂಜಿನ್ ಚೆನ್ನೈನ ಸಿಂಪ್ಸನ್ನಿನದು. ವಿನ್ಯಾಸದ ಬೇರು ಪರ್ಕಿನ್ಸಿನದು. ಹಾಗಾಗಿ ಹಳೆಯ ಟ್ರ್ಯಾಕ್ಟರು ಕೈಕೊಟ್ಟಾಗ ‘ಅದರದ್ದೇ ಇದಕ್ಕೂ ಆಗುತ್ತೆ ಬಿಡಿ’ ಎಂಬ ಮಾತು ಬಂದೇ ಬರುತ್ತದೆ. ಕೆಲವೊಮ್ಮೆ ಅದು ನಿಜ. ಸುಳ್ಳಾದರೆ ಬಿತ್ತನೆಯ ಹದ ಕಳೆಯುತ್ತದೆ, ಬಿಚ್ಚಿದ ಎಂಜಿನ್ನನ್ನು ಮತ್ತೆ ಬಿಚ್ಚಬೇಕಾಗುತ್ತದೆ, ಸಾಲ ಮಾಡಿ ತಂದ ಹಣ ಎರಡು ಸಲ ಖರ್ಚಾಗುತ್ತದೆ.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಇಲ್ಲಿ ಅವರಿಗೊಂದು ಕೆಲಸವಿದೆ. ಬ್ಲಾಕಿನ ಮೇಲೆ ಒತ್ತಿದ ಎಂಜಿನ್ ನಂಬರನ್ನು ಒರೆಸಿ ಬರೆದುಕೊಳ್ಳಲಿ. ಹಳೆಯ ಬಿಡಿಭಾಗದ ನಂಬರನ್ನು ಹೊಸದರ ಜೊತೆ ಹೋಲಿಸಲಿ. ಪ್ರಯೋಗಶಾಲೆಯಲ್ಲಿ ಕಲಿತ ವರ್ನಿಯರ್ ಕ್ಯಾಲಿಪರ್ಸಿನಿಂದ ಪಿಸ್ಟನ್ ಅಳೆದು, ಅದರ ನೆತ್ತಿ ಚಪ್ಪಟೆಯೋ ಬಟ್ಟಲೋ ಎಂದು ನೋಡಲಿ. ಇದರಲ್ಲಿ ಆಸಕ್ತಿ ಹುಟ್ಟಿದವರಿಗೆ ಐಟಿಐಗಳಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ತರಬೇತಿಯೂ ಉಂಟು. ‘ಮೆಕ್ಯಾನಿಕ್ ಆಗ್ತೀನಿ’ ಎಂದರೆ ಹೆತ್ತವರು ಮುಖ ಸಿಂಡರಿಸಬೇಕಾಗಿಲ್ಲ.

ಬ್ಯಾನರ್ ಲೇನಿನ ಕಾರ್ಖಾನೆ 2003ರ ಹೊತ್ತಿಗೆ ಬಾಗಿಲು ಹಾಕಿತು. ಅಲ್ಲಿ ತಯಾರಾದ ಟ್ರ್ಯಾಕ್ಟರುಗಳು ಮಾತ್ರ ಇಂದಿಗೂ ಓಡುತ್ತಿವೆ. ಯಾವ ಭಾಗ ಯಾವುದಕ್ಕೆ ಹೊಂದುತ್ತದೆ, ಯಾವುದಕ್ಕೆ ಹೊಂದದು ಎಂದು ಬಲ್ಲ ಕೈಗಳೇ ಅವನ್ನು ಓಡಿಸುತ್ತಿರುವುದು.